ರಿಪೇರಿ ಪುಸ್ತಕ

ಕೇಕು ಬಂದಿತ್ತು, ಬಲೂನು ಬಂದಿತ್ತು.
ಬೀದಿಗೆ ಕಟ್ಟಿದ ಹಗ್ಗ ಹಿಡಿದುಕೊಂಡು
ಪುಂತಾ ಅರೇನಸ್ಸಿನ ಗಾಳಿಯನ್ನು ದಾಟಿ
ಆಸ್ಪತ್ರೆಯ ನಿರ್ದೇಶಕರು, ಮಾರ್ತಿನಿಚ್ ಸಾಹೇಬರು,
ತಲೆಗೂದಲು ಹುಲ್ಲುಮೆದೆಯಾಗಿ ಬಂದಿದ್ದರು.
ಬಾರದೆ ಉಳಿದವನು ಒಬ್ಬನೇ:
ಯಾರ ನಿವೃತ್ತಿಗೆ ಆ ಕೇಕೋ, ಅವನು.

ನೆಲಮಾಳಿಗೆಯಲ್ಲಿ ಬಿಸಿನೀರಿನ ಪಂಪು
ಬೆಳಗಿನಿಂದ ಕೆಮ್ಮುತ್ತಿತ್ತಂತೆ.
"ಐದೇ ನಿಮಿಷ" ಎಂದು ಇಳಿದು ಹೋದನಂತೆ ಎಲಿಯೆಸೆರ್.
ಸ್ವಿಚ್‌ಬೋರ್ಡಿನಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು;
ಅವನ ಐದು ನಿಮಿಷಕ್ಕೆ
ಎಷ್ಟು ಗಂಟೆ ಎಂದು ಬಲ್ಲೆ.

ಭಾಷಣ ಕಾಯಲಿಲ್ಲ.
ಎಲೆಮರೆಯ ಕಾಯಿ ಎಂಬಂಥ ಮಾತೇನೋ ಬಂತು.
ಈ ಊರಿನ ಗಾಳಿ
ಮರೆಯಾಗಲು ಎಲೆ ಎಲ್ಲಿ ಉಳಿಸುತ್ತದೆ?
ಚೌಕಟ್ಟು ಹಾಕಿಸಿದ ಪ್ರಶಂಸಾಪತ್ರದಲ್ಲಿ
ಎಲಿಯಾಸ್ ಮನ್ಸಿಯಾ ಎಂದು ಬಂಗಾರದ ಅಕ್ಷರ.
ನಮ್ಮಲ್ಲಿಲ್ಲದ ಯಾವನೋ ಎಲಿಯಾಸನಿಗೆ
ಎಲ್ಲರೂ ಚಪ್ಪಾಳೆ ತಟ್ಟಿದೆವು.
ನಾನೂ ತಟ್ಟಿದೆ. ಅದನ್ನು ಮುಚ್ಚಿಡಲಾರೆ.

ಆಮೇಲೆ ಒಂದು ತುಂಡು ಕೇಕನ್ನು
ಕಾಗದದ ಕರವಸ್ತ್ರದಲ್ಲಿ ಸುತ್ತಿ,
ಪತ್ರವನ್ನು ಕಂಕುಳಲ್ಲಿ ಇರುಕಿ
ಮೆಟ್ಟಿಲಿಳಿದೆ.
ಅಲ್ಲಿ ಅವನಿರಲಿಲ್ಲ. ಪೈಪುಗಳ ಹಿಂದೆಲ್ಲೋ
ಟಣ್, ಟಣ್, ಸ್ವಲ್ಪ ಬಿಟ್ಟು ಇನ್ನೊಂದು ಟಣ್.
ಮೇಜಿನ ಮೇಲೆ ಆರಿಹೋದ ಚಹಾ,
ಜಿಡ್ಡು ಹತ್ತಿದ ರಿಪೇರಿ ಪುಸ್ತಕ.

ಎಡಗಡೆ ದೂರು. ಬಹುಪಾಲು ನನ್ನದೇ ಕೈಬರಹ:
ವಾರ್ಡು ಮೂರು, ಚಳಿ, ತುರ್ತು.
ಲಿಫ್ಟು ಮತ್ತೆ ನಿಂತಿದೆ, ತುರ್ತು.
ಎಕ್ಸ್‌ರೇ ಕೋಣೆ ಸೋರುತ್ತಿದೆ, ಎಷ್ಟು ಸಲ ಹೇಳಬೇಕು?
ಬಲಗಡೆ ಅವನದು, ಇರುವೆಸಾಲಿನಂಥ ಅಕ್ಷರ:
ಆಯಿತು.
ಆಯಿತು.
ಬಿಡಿಭಾಗ ಸಾಂತಿಯಾಗೊದಿಂದ ಬರಬೇಕು,
ಅಲ್ಲಿಯವರೆಗೆ ತಂತಿ ಸುತ್ತಿ ನಿಲ್ಲಿಸಿದ್ದೇನೆ.
ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿ
ಹೊರಬರುವವರೆಗೂ ಹಾಡು ಹೇಳಿದರು, ಚೆನ್ನಾಗಿತ್ತು. ಆಯಿತು.

ಕಪಾಟಿನಿಂದ ಹಳೆಯದೊಂದನ್ನು ಎಳೆದೆ, ಸುಮ್ಮನೆ.
ಎಡಗಡೆ ಖಾಲಿ ಇದ್ದ ಒಂದೇ ಸಾಲು:
ಕೋಣೆ ಹದಿನಾಲ್ಕು. ಬಾಗಿಲು ಕಿರುಚುತ್ತದೆ.
ಕೀಲು ಬದಲಿಸಿ ಎಣ್ಣೆ ಬಿಟ್ಟೆ. ಯಾರೂ ಹೇಳಿರಲಿಲ್ಲ.

ಕೋಣೆ ಹದಿನಾಲ್ಕರಲ್ಲಿ ಹಾಸಿಗೆಯಿಲ್ಲ.
ಎರಡು ಕುರ್ಚಿ, ಒಂದು ಪೆಟ್ಟಿಗೆ ಟಿಶ್ಯೂ.
ಡಾಕ್ಟರು ಬಂಧುಗಳನ್ನು ಅಲ್ಲಿಗೆ ಕರೆಯುತ್ತಾರೆ;
ಕರೆದರೆಂದರೆ ತಿಳಿದುಬಿಡುತ್ತದೆ.
ತಾರೀಖು ನೋಡಿದೆ.
ನನ್ನ ತಮ್ಮ ನಿಬಾಲ್ದೊ ಸತ್ತ ಮಾರನೆಯ ದಿನ.

ಹಿಂದಿನ ಸಂಜೆ ಡಾಕ್ಟರು
ಹೇಳುವಷ್ಟು ಹೇಳಿ ಎದ್ದು ಹೋಗುವಾಗ
ಆ ಬಾಗಿಲು ಹೇಗೆ ಕಿರುಚಿತ್ತೆಂದರೆ
ಇವತ್ತಿಗೂ ಅವರ ಮಾತು ನೆನಪಿಲ್ಲ, ಬಾಗಿಲು ನೆನಪಿದೆ.
ಹೊರಗೆ ಓಣಿಯಲ್ಲಿ ಯಾರೋ ಏಣಿ ಹತ್ತಿ
ಬಲ್ಬು ಹಾಕುತ್ತಿದ್ದಂತಿತ್ತು.
ನಾನು ಮುಖ ನೋಡಿರಲಿಲ್ಲ.
ಹದಿನೇಳು ವರ್ಷ,
ಆ ಬಾಗಿಲು ತಾನಾಗಿಯೇ ಸುಮ್ಮನಾಯಿತೆಂದುಕೊಂಡಿದ್ದೆ.

ಟಣ್ ನಿಂತಿತು.
ಕೈ ಒರೆಸಿಕೊಳ್ಳುತ್ತ ಬಂದರು ಎಲಿಯೆಸೆರ್.
ಹೌದು, ಬಂದರು.
"ಮೇಲೆ ಬಿಸಿ ಬಂತಾ?" ಮೊದಲ ಮಾತೇ ಅದು.
ಬಂತು ಎಂದೆ. ಗೊತ್ತಿರಲಿಲ್ಲ, ಆದರೂ ಎಂದೆ.
ಹೇಳಲು ತಂದ ಮಾತು
ಪೈಪಿನೊಳಗಿನ ಗಾಳಿಯಂತೆ ಗಂಟಲಲ್ಲಿ ಕೂತಿತು.
ಕೊನೆಗೆ ಪುಸ್ತಕ ಎಳೆದುಕೊಂಡು ಎಡಗಡೆ ಬರೆದೆ:
ಪ್ರಶಂಸಾಪತ್ರ. ಹೆಸರು ಮುರಿದಿದೆ. ತುರ್ತು.

ಕನ್ನಡಕ ಏರಿಸಿ ಓದಿದರು. ಪತ್ರ ತೆಗೆದುಕೊಂಡು
ಮೊದಲು ತಿರುಗಿಸಿ ನೋಡಿದ್ದು ಅದರ ಬೆನ್ನನ್ನು.
ಕೇಕಿನ ಕೆನೆ ಹತ್ತಿದ ಬೆರಳಲ್ಲೇ ಪೆನ್ನು ಹಿಡಿದು
ಬಲಗಡೆ ಇರುವೆಗಳನ್ನು ಬಿಟ್ಟರು:
ಪರೀಕ್ಷಿಸಿದೆ. ಕೊಕ್ಕೆ ಸಡಿಲವಿತ್ತು, ಬಿಗಿ ಮಾಡಿದೆ.
ಹೆಸರಿನಿಂದ ಕೆಲಸಕ್ಕೆ ತೊಂದರೆಯಿಲ್ಲ.
ಆಯಿತು.